95 ಹಾಕ್ಸೋದಾ, ಸಾದಾ ಹಾಕ್ಸೋದಾ? ಘಾಟಿ ಸೀಮೆ ಗಾಡಿಗಳಿಗೆ ಪೆಟ್ರೋಲ್ ಆರಿಸೋ ಬಗೆ

ಹೋದ ಶನಿವಾರ ಚಿಕ್ಕಮಗಳೂರಲ್ಲಿ ಬಂಕ್ ಕ್ಯೂನಲ್ಲಿ ನಿಂತಿದ್ದೆ. ನನ್ನ ಮುಂದೆ ಬೆಂಗಳೂರಿಂದ ಮುಳ್ಳಯ್ಯನಗಿರಿಗೆ ಅಂತ ಬಂದಿದ್ದ ನಾಲ್ಕು ಜನ ಬೈಕ್ ಹುಡುಗರು, ಎಲ್ರದ್ದೂ ದೊಡ್ಡ ಗಾಡಿ. "ಅಣ್ಣ, 95 ಇದ್ಯಾ?" ಅಂದ್ರು, ಅಂದ್ರೆ ಆಕ್ಟೇನ್ ನಂಬರು 95 ಇರೋ ದುಬಾರಿ ಪ್ರೀಮಿಯಂ ಪೆಟ್ರೋಲು. "ಖಾಲಿ ಆಗಿದೆ ಸಾರ್, ಸಾದಾ ಇದೆ" ಅಂದ ಬಂಕ್ ಹುಡುಗ. ಸೀಮೆಎಣ್ಣೆ ಹಾಕ್ತೀನಿ ಅಂದಿದ್ರೂ ಅಷ್ಟು ಮುಖ ಸಿಂಡರಿಸ್ತಿರಲಿಲ್ಲ ಅನ್ಸತ್ತೆ, ಸೀದಾ ಗಾಡಿ ತಿರುಗಿಸ್ಕೊಂಡು ಹೋದ್ರು. ಅವರ ಹಿಂದೆ ಎಕ್ಸೆಲ್ ಮೇಲೆ ಎರಡು ಮೂಟೆ ಗೊಬ್ಬರ ಹೇರ್ಕೊಂಡು ನಿಂತಿದ್ದ ಯಜಮಾನ್ರು ನಕ್ಕೊಂಡು "ನಂಗೂ ಒಂದಿನ ಆ ತೊಂಬತ್ತೈದು ಹಾಕ್ರೋ, ಏರು ಹತ್ತುವಾಗ ಏದುಸಿರು ಬಿಡತ್ತೆ ಇದು" ಅಂದ್ರು.

ಇಬ್ರ ಲೆಕ್ಕಾನೂ ತಪ್ಪೇ. ಹುಡುಗರ ಗಾಡಿಗಳಿಗೆ ಆ ಎತ್ತರದಲ್ಲಿ ಸಾದಾ ಪೆಟ್ರೋಲ್ ಹಾಕ್ಸಿದ್ರೆ ಬಹುಶಃ ಏನೂ ಆಗ್ತಿರಲಿಲ್ಲ, ಯಜಮಾನ್ರ ಎಕ್ಸೆಲ್‌ಗೆ 100 ಆಕ್ಟೇನ್ ಪೆಟ್ರೋಲ್ ಹಾಕಿದ್ರೂ ಮೂಟೆ ಹಗುರ ಆಗಲ್ಲ. ನಾನು ಮೆಕ್ಯಾನಿಕ್ ಅಲ್ಲ, ಸ್ವಲ್ಪ ಕಾಫಿ ತೋಟ, ಒಂದು ಬೈಕು, ಒಂದು ಕಾರು, ಎರಡು ವೀಡ್ ಕಟ್ಟರ್ ಇಟ್ಕೊಂಡು ಹಾಸನ ಚಿಕ್ಕಮಗಳೂರು ಮೂಡಿಗೆರೆ ಅಂತ ಸುತ್ತೋನು. ಈ ವಿಷಯದಲ್ಲಿ ದುಡ್ಡು ಕಳ್ಕೊಂಡು ಕಲ್ತಿದ್ದೇ ಜಾಸ್ತಿ, ಅದನ್ನೇ ಒಂದೊಂದಾಗಿ ಹೇಳ್ತೀನಿ.

ಮೊದ್ಲು ಪೆಟ್ರೋಲ್ ಮುಚ್ಚಳ ತೆಗೆದು ನೋಡಿ

ಕಾರಾದ್ರೆ ಮುಚ್ಚಳದ ಒಳಮೈಯಲ್ಲಿ ಒಂದು ಸ್ಟಿಕ್ಕರ್ ಇರತ್ತೆ, ಬೈಕಾದ್ರೆ ಟ್ಯಾಂಕ್ ಮೇಲೋ ಮ್ಯಾನ್ಯುಯಲ್‌ನಲ್ಲೋ ಇರತ್ತೆ. ಅಲ್ಲಿ ಎರಡು ವಿಷಯ ಹುಡುಕಿ. ಒಂದು ಆರ್‌ಒಎನ್ ಅಂತ ಬರೆದು 91 ಅಥವಾ 95 ಅಂತ ನಂಬರು, ಇದೇ ಆಕ್ಟೇನ್ ನಂಬರು. ಇನ್ನೊಂದು ಇ10 ಅಥವಾ ಇ20 ಅನ್ನೋ ಗುರುತು, ಪೆಟ್ರೋಲಲ್ಲಿ ನೂರಕ್ಕೆ ಎಷ್ಟು ಪಾಲು ಎಥನಾಲ್ (ಒಂಥರ ಸ್ಪಿರಿಟ್) ಬೆರೆತಿದ್ರೆ ಗಾಡಿಗೆ ಹೊಂದತ್ತೆ ಅಂತ. ಮ್ಯಾನ್ಯುಯಲ್ ಎಲ್ಲೋ ಬೀರುವಿನ ಮೇಲೆ ಧೂಳು ತಿಂತಾ ಇರತ್ತೆ ಗೊತ್ತು, ಆದ್ರೂ ಇಳಿಸಿ ಒಂದ್ಸಲ ಓದಿ, ಕಂಪನಿಯವ್ರೇ ಬರೆದಿರೋದಕ್ಕಿಂತ ದೊಡ್ಡ ಸಲಹೆ ಶೋರೂಂ ಹುಡುಗನೂ ಕೊಡಲ್ಲ, ನಾನೂ ಕೊಡಲ್ಲ.

91 ಅಂತ ಇದ್ರೆ ಇಲ್ಲಿಗೇ ಅರ್ಧ ಕೆಲ್ಸ ಮುಗೀತು, ಸಾದಾ ಪೆಟ್ರೋಲ್ ಹಾಕ್ಸಿ ಆರಾಮಾಗಿರಿ. ಕೆಲವು ಟರ್ಬೊ ಕಾರುಗಳಲ್ಲಿ ಎರಡು ನಂಬರು ಇರತ್ತೆ, 95 ಒಳ್ಳೇದು, 91 ಕನಿಷ್ಠ ಅನ್ನೋ ಅರ್ಥದಲ್ಲಿ. ಅವ್ರು ಮುಂದೆ ಓದಿ.

ಈ ನಂಬರು ಅಂದ್ರೆ ಏನು ಅಂತ ಎರಡೇ ಮಾತಲ್ಲಿ ಹೇಳ್ಬಿಡ್ತೀನಿ. ಇಂಜಿನ್ ಒಳಗೆ ಪಿಸ್ಟನ್ ಮೇಲೆ ಬಂದು ಪೆಟ್ರೋಲ್ ಗಾಳಿ ಮಿಶ್ರಣವನ್ನ ಅದುಮತ್ತೆ, ಆಮೇಲೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡತ್ತೆ, ಬೆಂಕಿ ಪ್ಲಗ್ ಕಡೆಯಿಂದ ಸಲೀಸಾಗಿ ಹಬ್ಬಬೇಕು. ಹಬ್ಬೋ ಮುಂಚೇನೇ ಮೂಲೆಯಲ್ಲಿರೋ ಮಿಶ್ರಣ ಬಿಸಿಗೂ ಒತ್ತಡಕ್ಕೂ ತಡೀಲಾರದೆ ತಾನೇ ಢಂ ಅಂದ್ರೆ ಅದೇ ನಾಕಿಂಗ್, ಸ್ಟೀಲ್ ಡಬ್ಬಿಯಲ್ಲಿ ಕಡ್ಲೆಬೀಜ ಅಲ್ಲಾಡಿಸ್ದಂಗೆ ಕಟಕಟ ಅಂತ ಕೇಳತ್ತೆ. ಹಂಗೆ ತಾನಾಗೇ ಹತ್ಕೊಳ್ಳದೆ ತಡ್ಕೊಳ್ಳೋ ಶಕ್ತೀನೇ ಆಕ್ಟೇನ್ ನಂಬರು. ಐಸೊ-ಆಕ್ಟೇನ್ ಅನ್ನೋದಕ್ಕೆ 100, ಹೆಪ್ಟೇನ್ ಅನ್ನೋದಕ್ಕೆ 0 ಅಂತ ಇಟ್ಕೊಂಡು, 91 ಅಂದ್ರೆ ಮೊದಲನೇದು 91 ಪಾಲು ಎರಡನೇದು 9 ಪಾಲು ಬೆರೆಸಿದ ಮಿಶ್ರಣದಷ್ಟು ತಡ್ಕೊಳ್ಳತ್ತೆ ಅಂತ ಅರ್ಥ, ಅಷ್ಟೇ. ಶಕ್ತಿ ಜಾಸ್ತಿ ಅಂತಾಗ್ಲಿ, ಕ್ಲೀನ್ ಜಾಸ್ತಿ ಅಂತಾಗ್ಲಿ, ಮೈಲೇಜ್ ಜಾಸ್ತಿ ಅಂತಾಗ್ಲಿ ಈ ನಂಬರಲ್ಲಿ ಎಲ್ಲೂ ಇಲ್ಲ.

ಹಾಗಾಗಿ ಅದುಮೋದು ಜಾಸ್ತಿ ಇರೋ ಇಂಜಿನ್‌ಗೆ ಮಾತ್ರ ದೊಡ್ಡ ನಂಬರು ಬೇಕು. ಬುಲೆಟ್ ಜಾತಿಯ ಕ್ಲಾಸಿಕ್ 350ರ ಕಂಪ್ರೆಷನ್, ಅಂದ್ರೆ ಅದುಮೋ ಪ್ರಮಾಣ, 9.5ಕ್ಕೆ 1, ದಿನಾ ಓಡಾಡೋ ನೂರು ಸಿಸಿ ಬೈಕ್‌ಗಳು ಹತ್ತರ ಆಸುಪಾಸು, ಕೆಟಿಎಂ 390 ಥರದ್ದು ಹನ್ನೆರಡು ದಾಟತ್ತೆ. ಮೊದಲನೆ ಎರಡಕ್ಕೆ 95 ಹಾಕ್ಸೋದು ಕೋಳಿಗಿಂತ ಮಸಾಲೆಗೇ ಜಾಸ್ತಿ ಖರ್ಚು ಮಾಡ್ದಂಗೆ. ಮೂರನೇದಕ್ಕೆ ಸ್ವಲ್ಪ ಅರ್ಥ ಇದೆ.

ಇನ್ನೊಂದು, ಅಮೆರಿಕದವ್ರ ವಿಡಿಯೋ ನೋಡಿ "ಅಲ್ಲಿ ಸಾದಾ 87, ನಮ್ದು 91, ನಾವೇ ಮೇಲು" ಅಂತ ಮೊನ್ನೆ ಒಬ್ರು ವಾದ ಮಾಡ್ತಿದ್ರು. ಅಲ್ಲಿ ಅಳೆಯೋ ವಿಧಾನ ಬೇರೆ, ಎರಡು ಥರ ಟೆಸ್ಟ್ ಮಾಡಿ ಸರಾಸರಿ ಹಾಕ್ತಾರೆ, ಅವರ 87 ಹೆಚ್ಚುಕಮ್ಮಿ ನಮ್ಮ 91ಕ್ಕೇ ಸಮ.

ನೀವು ಯಾವ ಎತ್ತರದಲ್ಲಿದೀರ ಅಂತ ಲೆಕ್ಕಕ್ಕೆ ತಗೊಳ್ಳಿ

ಮಂಗಳೂರು ಕರಾವಳಿಯವ್ರು ಹೇಳಿದ ಸಲಹೆ ನಮಗೆ ಹಂಗೇ ಹೊಂದಲ್ಲ ಅನ್ನೋದು ಇದಕ್ಕೇ. ಚಿಕ್ಕಮಗಳೂರು ಊರೇ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಹಾಸನಾನೂ ಸಾವಿರದ ಹತ್ತತ್ರ. ಸಾವಿರ ಮೀಟರ್ ಮೇಲೆ ಗಾಳಿ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಮ್ಮಿ. ಮುಳ್ಳಯ್ಯನಗಿರಿ ತುದಿ 1930 ಮೀಟರ್, ಅಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲೇ ಕಮ್ಮಿ. ಇಂಜಿನ್ ಒಳಗೆ ಹೋಗೋ ಗಾಳಿನೇ ತೆಳುವಾದ್ರೆ ಅದುಮಿದಾಗ ಆಗೋ ಒತ್ತಡಾನೂ ಕಮ್ಮಿ, ನಾಕಿಂಗ್ ಆಗೋ ಸಾಧ್ಯತೇನೂ ಕಮ್ಮಿ. ಅಂದ್ರೆ ನಮ್ಮ ಮಲೆನಾಡಲ್ಲಿ ಗಾಡಿಗೆ ಬೇಕಾದ ಆಕ್ಟೇನ್ ಕರಾವಳಿಯವ್ರಿಗಿಂತ ಕಮ್ಮಿ! ಅಮೆರಿಕದ ಬೆಟ್ಟದ ರಾಜ್ಯಗಳಲ್ಲಿ ಇದೇ ಕಾರಣಕ್ಕೆ ಉಳಿದ ಕಡೆಗಿಂತ ಕಮ್ಮಿ ನಂಬರಿನ ಪೆಟ್ರೋಲನ್ನೇ ಮಾರ್ತಾ ಬಂದಿದಾರೆ.

ಆ ಹುಡುಗರು 95 ಹುಡುಕ್ತಾ ತಿರುಗಿದ್ದು ನೋಡಿ ನಂಗೆ ನಗು ಬಂದಿದ್ದು ಇದಕ್ಕೆ, ಗಿರಿ ಹತ್ತಿದ ಹಾಗೆಲ್ಲ ಅವರ ಗಾಡಿ ಕೇಳೋದೇ ಕಮ್ಮಿ ಆಗ್ತಾ ಹೋಗತ್ತೆ. ಮೇಲೆ ಹೋದ್ಮೇಲೆ ಗಾಡಿ ಎಳೀತಿಲ್ಲ ಅನ್ಸೋದು ನಿಜ, ಆದ್ರೆ ಅದು ಗಾಳಿ ಕಮ್ಮಿ ಆಗಿದ್ದಕ್ಕೆ, ಪೆಟ್ರೋಲ್‌ನಿಂದ ಅದು ಸರಿ ಹೋಗಲ್ಲ.

ಟರ್ಬೊ ಗಾಡಿಗೆ ಮಾತ್ರ ಈ ರಿಯಾಯ್ತಿ ಇಲ್ಲ, ಅದು ಗಾಳಿನ ತಾನೇ ಒತ್ತಿ ಒಳಗೆ ತುಂಬ್ಕೊಳ್ಳತ್ತೆ.

ಕೆಳಗಿಳಿದ್ರೆ ಲೆಕ್ಕ ತಿರುಗತ್ತೆ. ಶಿರಾಡಿ ಇಳಿದು ಧರ್ಮಸ್ಥಳಕ್ಕೋ ಮಂಗಳೂರಿಗೋ ಹೋಗ್ತೀರ, ಏಪ್ರಿಲ್ ತಿಂಗ್ಳು, ಸೆಕೆ, ಕಾರಲ್ಲಿ ಐದು ಜನ, ಡಿಕ್ಕಿ ತುಂಬ ಲಗೇಜು, ಏಸಿ ಆನ್. ವಾಪಸ್ ಗುಂಡ್ಯದಿಂದ ಮೇಲೆ ಹತ್ತೋಕೆ ಶುರು ಮಾಡಿ ಮೂರನೇ ಗೇರಲ್ಲೇ ಎಳ್ಕೊಂಡು ಹೋಗ್ತೀನಿ ಅಂತ ಆಕ್ಸಿಲೇಟರ್ ಒತ್ತಿದ್ರೆ ಆಗ ಬರತ್ತೆ ನೋಡಿ ಕಟಕಟ ಶಬ್ದ. ಗಾಳಿ ದಪ್ಪ, ಬಿಸಿ, ಲೋಡು, ಕಮ್ಮಿ ಸ್ಪೀಡು, ದೊಡ್ಡ ಗೇರು, ನಾಕಿಂಗ್‌ಗೆ ಬೇಕಾದ ಎಲ್ಲಾ ಸಾಮಾನೂ ಒಂದೇ ಕಡೆ ಸೇರಿರತ್ತೆ. ಚಾರ್ಮಾಡಿಯಲ್ಲೂ ಅದೇ ಕತೆ. ಆ ಟೈಮಲ್ಲಿ ಮೊದ್ಲ ಮದ್ದು ಗೇರ್ ಇಳಿಸೋದು, ಎರಡಕ್ಕೆ ಹಾಕಿ ಇಂಜಿನ್ ಸ್ವಲ್ಪ ಕೂಗ್ಲಿ ಬಿಡಿ, ಶಬ್ದ ನಿಲ್ಲತ್ತೆ. ಇದು ಫ್ರೀ, ಲೀಟರಿಗೆ ಒಂದು ಪೈಸೆ ಜಾಸ್ತಿ ಇಲ್ಲ. ಮೈಲೇಜ್ ಬರ್ಲಿ ಅಂತ ಏರಿನಲ್ಲಿ ದೊಡ್ಡ ಗೇರಲ್ಲಿ ಗುದ್ದಾಡಿಸೋ ಅಭ್ಯಾಸ ನಮ್ಮ ಕಡೆ ಬಹಳ ಜನಕ್ಕಿದೆ, ನನ್ನ ತಂದೆಗೂ ಇತ್ತು.

ಗೇರ್ ಇಳಿಸಿದ್ರೂ ಕಟಕಟ ನಿಲ್ತಿಲ್ಲ ಅಂದ್ರೆ, ಅಥವಾ ಹಾಸನ ಬೇಲೂರು ರೋಡಲ್ಲಿ ಸಮತಟ್ಟಲ್ಲೇ ಬರ್ತಿದೆ ಅಂದ್ರೆ, 95 ಒಂದು ಟ್ಯಾಂಕ್ ಹಾಕ್ಸಿ ನೋಡಿ. ಶಬ್ದ ನಿಂತ್ರೆ ಇಂಜಿನ್ ಒಳಗೆ ಕಾರ್ಬನ್ ಕೂತಿರಬಹುದು, ಟೈಮಿಂಗ್ ಹೆಚ್ಚುಕಮ್ಮಿ ಇರಬಹುದು, ಇಲ್ಲ ಹಿಂದಿನ ಪೆಟ್ರೋಲೇ ಕಲಬೆರಕೆ ಇರಬಹುದು. ಹಂಗಂತ ಜೀವನಪೂರ್ತಿ 95 ಹಾಕ್ಸ್ತಾ ಇರೋದು ಜ್ವರಕ್ಕೆ ಮಾತ್ರೆ ನುಂಗ್ತಾ ಡಾಕ್ಟರ್ ಹತ್ರ ಹೋಗದೇ ಇದ್ದಂಗೆ, ಮೆಕ್ಯಾನಿಕ್ಕಿಗೆ ತೋರಿಸಿ. ಈಗಿನ ಕಾರುಗಳಲ್ಲಿ ನಾಕ್ ಸೆನ್ಸರ್ ಇರತ್ತೆ, ನಾಕಿಂಗ್ ಶುರು ಆದ ಕೂಡ್ಲೇ ಕಂಪ್ಯೂಟರ್ ಕಿಡಿಯ ಟೈಮಿಂಗ್ ಹಿಂದಕ್ಕೆ ಎಳ್ಕೊಳ್ಳತ್ತೆ, ಹಾಗಾಗಿ ನಿಮಗೆ ಶಬ್ದ ಕೇಳ್ಸಲ್ಲ, ಎಳೆತ ಸ್ವಲ್ಪ ಕಮ್ಮಿ ಆಗತ್ತೆ ಅಷ್ಟೇ. ಟರ್ಬೊ ಗಾಡಿಯವ್ರಿಗೆ 95ರಲ್ಲಿ ವ್ಯತ್ಯಾಸ ಗೊತ್ತಾಗೋದು ಈ ಕಾರಣಕ್ಕೆ.

ಇ20 ಬಂದ್ಮೇಲೆ ಏನಾಗಿದೆ ಅಂತ ತಿಳ್ಕೊಳ್ಳಿ

2020ರ ಏಪ್ರಿಲ್ 1ರಿಂದ ದೇಶಪೂರ್ತಿ ಹೊಗೆ ಮಾಲಿನ್ಯ ಕಮ್ಮಿ ಮಾಡೋ ಬಿಎಸ್6 ನಿಯಮದ ಪೆಟ್ರೋಲ್ ಬಂತು, ಸಾದಾ ಪೆಟ್ರೋಲ್‌ಗೆ ಕನಿಷ್ಠ ಆಕ್ಟೇನ್ 91. ಆಮೇಲೆ 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇ20 ಬಿಡುಗಡೆ ಆಯ್ತು, ಅಂದ್ರೆ ನೂರಕ್ಕೆ ಇಪ್ಪತ್ತು ಎಥನಾಲ್. ಎಥನಾಲ್‌ನ ಆಕ್ಟೇನ್ ನೂರು ದಾಟತ್ತೆ, ಹಾಗಾಗಿ ಬೆರೆಸಿದ ಪೆಟ್ರೋಲ್‌ನ ನಂಬರೂ ಏರತ್ತೆ, 20 ಪರ್ಸೆಂಟ್ ಬೆರೆಸಿದ್ಮೇಲೆ ಆಕ್ಟೇನ್ 95ಕ್ಕೆ ಬಂದಿದೆ ಅಂತ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಅಂದ್ರೆ ಬರೀ ನಂಬರಿಗೋಸ್ಕರ 95 ಹುಡುಕೋ ಕಾಲ ಹೆಚ್ಚುಕಮ್ಮಿ ಮುಗೀತು, ಪ್ರೀಮಿಯಂ ಅಂತ ಈಗ ಕೊಡೋ ದುಡ್ಡಲ್ಲಿ ದೊಡ್ಡ ಪಾಲು ಅದರೊಳಗಿನ ಕ್ಲೀನಿಂಗ್ ಅಡಿಟಿವ್‌ಗೆ.

ಆದ್ರೆ ಎಥನಾಲ್‌ನಲ್ಲಿ ಲೀಟರಿಗೆ ಸಿಗೋ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಹಾಗಾಗಿ ಮೈಲೇಜ್ ಬೀಳತ್ತೆ. ನೀತಿ ಆಯೋಗದ 2021ರ ವರದಿಯಲ್ಲೇ ಇದೆ, ಹಳೇ ಥರದ ಕಾರುಗಳಿಗೆ 6ರಿಂದ 7 ಪರ್ಸೆಂಟ್, ದ್ವಿಚಕ್ರಕ್ಕೆ 3ರಿಂದ 4, ಇ20ಗೆ ಹೊಂದಿಸಿದ ಕಾರಿಗೆ 1ರಿಂದ 2. ಲೀಟರಿಗೆ 50 ಕೊಡ್ತಿದ್ದ ಬೈಕು 48 ಕೊಡ್ತಿದೆ ಅಂದ್ರೆ ಬಂಕಿನವ್ರಿಗೆ ಬೈಯೋ ಮುಂಚೆ ಇದನ್ನ ನೆನಪಿಟ್ಕೊಳ್ಳಿ. 35 ಕೊಡ್ತಿದೆ ಅಂದ್ರೆ ಬೇರೆ ಏನೋ ಆಗಿದೆ.

2023ರ ಏಪ್ರಿಲ್‌ಗಿಂತ ಮುಂಚಿನ ಗಾಡಿ ಆಗಿದ್ರೆ ರಬ್ಬರ್ ಪೈಪು, ಗ್ಯಾಸ್ಕೆಟ್, ಓ ರಿಂಗ್ ಇವುಗಳ ಮೇಲೆ ಕಣ್ಣಿಡಿ. ಸರ್ವಿಸಿಗೆ ಬಿಟ್ಟಾಗ "ಪೆಟ್ರೋಲ್ ಪೈಪ್ ಊದ್ಕೊಂಡಿದ್ಯಾ, ಬಿರುಕು ಬಿಟ್ಟಿದ್ಯಾ ನೋಡು" ಅಂತ ಬಾಯಿಬಿಟ್ಟು ಹೇಳಿ, ಹೇಳದಿದ್ರೆ ನೋಡಲ್ಲ. ಹಳೇ ಗಾಡಿಗಳಲ್ಲಿ 20-30 ಸಾವಿರ ಕಿಲೋಮೀಟರ್ ಆದ್ಮೇಲೆ ಕೆಲವು ರಬ್ಬರ್ ಭಾಗ ಬದಲಾಯಿಸ್ಬೇಕಾಗಬಹುದು ಅಂತ ಸರ್ಕಾರದ ಹೇಳಿಕೆಯಲ್ಲೇ ಇದೆ, ಖರ್ಚು ದೊಡ್ಡದಲ್ಲ. ಆರ್‌ಎಕ್ಸ್ ನೂರು, ಯೆಜ್ಡಿ ಇಟ್ಕೊಂಡು ಮಗು ಥರ ಸಾಕ್ತಿರೋ ಅಣ್ಣಂದಿರು ಹಾಸನದಲ್ಲೂ ತುಂಬಾ ಜನ ಇದೀರ, ನಿಮ್ಮ ಟ್ಯಾಂಕ್ ಒಳಗಿನ ಹಳೇ ತುಕ್ಕು ಗಸಿಯನ್ನೆಲ್ಲ ಎಥನಾಲ್ ಎಬ್ಬಿಸಿ ತಂದು ಕಾರ್ಬೊರೇಟರ್ ಜೆಟ್‌ಗೆ ತುಂಬಿಸತ್ತೆ, ಟ್ಯಾಂಕ್ ಒಂದ್ಸಲ ತೊಳ್ಸಿ, ಒಳ್ಳೇ ಫಿಲ್ಟರ್ ಹಾಕ್ಸಿ. ಆ ಗಾಡಿಗಳ ಕಂಪ್ರೆಷನ್ ಬಹಳ ಕಮ್ಮಿ, ಆಕ್ಟೇನ್ ಚಿಂತೆ ನಿಮಗೆ ಬೇಡವೇ ಬೇಡ, ನಿಮ್ಮ ಚಿಂತೆ ರಬ್ಬರ್ ಮತ್ತು ತುಕ್ಕು.

"95 ಹಾಕ್ಸಿದ್ರೆ ಎಥನಾಲ್ ಇರಲ್ಲ ಅಲ್ವಾ" ಅಂತ ಬಹಳ ಜನ ಕೇಳ್ತಾರೆ. ಇರತ್ತೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 95 ಆಗ್ಲಿ ಎಚ್‌ಪಿಯ ಪವರ್ 95 ಆಗ್ಲಿ, 95ರಲ್ಲೂ ಎಥನಾಲ್ ಬೆರೆಸ್ತಾರೆ. ಎಥನಾಲ್ ಇಲ್ಲದ್ದು ಬೇಕು ಅಂದ್ರೆ ಎಕ್ಸ್‌ಪಿ 100 ಥರದ ನೂರರ ಪೆಟ್ರೋಲ್, 2020ರ ಡಿಸೆಂಬರಲ್ಲಿ ಅದು ಬಂದಾಗಲೇ ದಿಲ್ಲಿಯಲ್ಲಿ ಲೀಟರಿಗೆ 160 ರೂಪಾಯಿ ಇತ್ತು. ಅದು ದೊಡ್ಡ ಸಿಟಿಗಳ ಕೆಲವೇ ಬಂಕ್‌ಗಳ ಸರಕು, ನಮ್ಮ ಕಡೆ ಅದನ್ನ ಹುಡುಕ್ಕೊಂಡು ಅಲೆದು ಇರೋ ಪೆಟ್ರೋಲ್ ಖಾಲಿ ಮಾಡ್ಕೋಬೇಡಿ.

ಬ್ರ್ಯಾಂಡ್ ಬಿಡಿ, ಬಂಕ್ ನೋಡಿ

ಇಂಡಿಯನ್ ಆಯಿಲ್ ಒಳ್ಳೇದಾ, ಭಾರತ್ ಒಳ್ಳೇದಾ, ಎಚ್‌ಪಿನಾ, ಶೆಲ್ಲಾ ಅಂತ ಟೀ ಅಂಗಡಿ ಮುಂದೆ ಗಂಟೆಗಟ್ಟಲೆ ಜಗಳ ಆಡೋರಿದಾರೆ. ಒಂದು ವಿಷಯ ಹೇಳ್ತೀನಿ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಿಂದ ಘಟ್ಟ ಹತ್ತಿ ಹಾಸನಕ್ಕೆ ಬಂದು ಅಲ್ಲಿಂದ ಬೆಂಗಳೂರು ಹತ್ರದ ದೇವನಗೊಂದಿಗೆ ಹೋಗೋ ಒಂದು ಪೈಪ್‌ಲೈನ್ ಇದೆ, 360 ಕಿಲೋಮೀಟರಿಗಿಂತ ಸ್ವಲ್ಪ ಉದ್ದ. ಅದೇ ಪೈಪಲ್ಲಿ ಒಂದರ ಹಿಂದೆ ಒಂದು ಪೆಟ್ರೋಲು, ಡೀಸೆಲ್ಲು ಹರಿಯತ್ತೆ. ಹಾಸನದ ಟರ್ಮಿನಲ್‌ನಲ್ಲಿ ಇಳಿದ್ಮೇಲೆ ಎಥನಾಲ್ ಬೆರೆಸೋದು, ಟ್ಯಾಂಕರ್‌ಗೆ ತುಂಬೋದು. ಕಂಪನಿಗಳು ಒಬ್ಬರ ಮಾಲನ್ನ ಇನ್ನೊಬ್ರು ತಗೊಳ್ಳೋದು ಮಾಮೂಲು. ಎಲ್ಲರೂ ಸರ್ಕಾರದ ಒಂದೇ ಮಾನದಂಡ ಪಾಲಿಸ್ಬೇಕು. ಸಾದಾ ಪೆಟ್ರೋಲಿನ ಮಟ್ಟಿಗೆ ಬ್ರ್ಯಾಂಡ್ ಅನ್ನೋದು ಮೇಲಿನ ಬೋರ್ಡು, ಹಾಲು ಒಂದೇ ಡೈರಿಯದ್ದು ಪ್ಯಾಕೆಟ್ ಬೇರೆ ಅಂದಂಗೆ. ಒಂದು ಬ್ರ್ಯಾಂಡ್ ಅರ್ಧ ಟ್ಯಾಂಕ್ ಇರುವಾಗ ಇನ್ನೊಂದು ಹಾಕ್ಸಿದ್ರೆ ಇಂಜಿನ್‌ಗೆ ಏನೂ ಆಗಲ್ಲ.

ಬ್ರ್ಯಾಂಡೆಡ್ ಅನ್ನೋದ್ರಲ್ಲಿ ಅಡಿಟಿವ್ ಬೇರೆ ಬೇರೆ ಇರತ್ತೆ, ಇಂಜೆಕ್ಟರ್‌ನ ಕ್ಲೀನ್ ಇಡೋಕೆ ಅವು ಕೆಲ್ಸಕ್ಕೆ ಬರತ್ತೆ. ನಾನು ಕಾರಿಗೆ ನಾಲ್ಕೈದು ಸಲ ಸಾದಾ ಹಾಕ್ಸಿ ಒಂದ್ಸಲ ಅದನ್ನ ಹಾಕ್ಸ್ತೀನಿ, ಕಡ್ಡಾಯ ಏನಲ್ಲ, ಮನಸ್ಸಿನ ಸಮಾಧಾನ. ಡೈರೆಕ್ಟ್ ಇಂಜೆಕ್ಷನ್ ಇಂಜಿನ್ ಆದ್ರೆ ಪೆಟ್ರೋಲ್ ಸೀದಾ ಸಿಲಿಂಡರ್ ಒಳಗೇ ಬೀಳೋದ್ರಿಂದ ಇನ್‌ಟೇಕ್ ವಾಲ್ವ್ ಮೇಲಿನ ಮಸಿಯನ್ನ ಯಾವ ಅಡಿಟಿವ್ ಕೂಡ ತೊಳೆಯಲ್ಲ. ಅಂಗಡೀಲಿ ಸಿಗೋ ಆಕ್ಟೇನ್ ಬೂಸ್ಟರ್ ಬಾಟ್ಲಿ ಬಗ್ಗೆ ನನ್ನನ್ನ ಕೇಳ್ಲೇಬೇಡಿ.

ಬಂಕ್ ಆರಿಸೋದು ಯಾಕೆ ಮುಖ್ಯ ಅಂತ ನಂಗೆ ಬುದ್ಧಿ ಬಂದಿದ್ದು ಒಂದು ಆಶ್ಲೇಷಾ ಮಳೆಯಲ್ಲಿ. ಬಾಳೂರು ಕಡೆಯಿಂದ ಬರ್ತಾ ಒಂದು ಸಣ್ಣ ಬಂಕಲ್ಲಿ, ಹೆಸರು ಬೇಡ, ಇನ್ನೂರು ರೂಪಾಯಿ ಹಾಕ್ಸಿದೆ. ಮೂರು ಕಿಲೋಮೀಟರ್ ಬಂದಿರಬೇಕು, ಬೈಕು ಜೆರ್ಕ್ ಹೊಡೆದು ಹೊಡೆದು ನಿಂತೇಹೋಯ್ತು. ಕೊಟ್ಟಿಗೆಹಾರದ ತನಕ ಒಂದು ಪಿಕಪ್ಪಲ್ಲಿ ಹಾಕ್ಕೊಂಡು ಬಂದೆ, ನೀರ್ ದೋಸೆ ತಿಂತಾ ಮೆಕ್ಯಾನಿಕ್ಕಿಗೆ ಕಾದೆ. ಅವ್ನು ಬಂದವ್ನೇ ಟ್ಯಾಂಕಿನ ಪೈಪ್ ಬಿಚ್ಚಿ ಒಂದು ಪಾರದರ್ಶಕ ಬಾಟ್ಲಿಗೆ ಹಿಡಿದು ಬೆಳಕಿಗೆ ಎತ್ತಿದ. ಕೆಳಗೆ ಎರಡು ಬೆರಳು ಮಬ್ಬು ಮಬ್ಬು ದ್ರವ, ಮೇಲೆ ಪೆಟ್ರೋಲು, ಮಧ್ಯ ಗೆರೆ ಎಳೆದಂಗೆ. ಬಾಟ್ಲಿ ಓರೆ ಮಾಡಿದ್ರೆ ಗೆರೆನೂ ಓರೆ ಆಗತ್ತೆ. "ನೀರು ಕಣಣ್ಣ" ಅಂದ. ಬರೀ ನೀರಲ್ಲ, ಎಥನಾಲ್ ನೀರನ್ನ ಹೀರ್ಕೊಳ್ಳತ್ತೆ, ಸ್ವಲ್ಪ ನೀರಾದ್ರೆ ಒಳಗೇ ಕರಗಿಸಿ ಇಟ್ಕೊಂಡು ಸುಟ್ಟುಬಿಡತ್ತೆ, ಮಿತಿ ದಾಟಿದ್ರೆ, ಅದ್ರಲ್ಲೂ ಥಂಡಿ ಆದ್ರೆ, ಪೆಟ್ರೋಲನ್ನ ಬಿಟ್ಟು ನೀರಿನ ಜೊತೆ ಸೇರ್ಕೊಂಡು ತಳಕ್ಕೆ ಕೂತ್ಕೊಳ್ಳತ್ತೆ. ಗಾಡಿ ಎಳ್ಕೊಳ್ಳೋದು ತಳದಿಂದಾನೇ. ಮೇಲೆ ಉಳಿದ ಪೆಟ್ರೋಲ್‌ನಲ್ಲಿ ಎಥನಾಲ್ ಹೋಗಿರೋದ್ರಿಂದ ಅದರ ಆಕ್ಟೇನೂ ಬಿದ್ದಿರತ್ತೆ. ನಾನು ಬಿಲ್ ತಗೊಂಡಿರಲಿಲ್ಲ. ಬಂಕಿಗೆ ಫೋನ್ ಮಾಡಿದ್ರೆ "ನಮ್ಮಲ್ಲಿ ಹಾಕ್ಸಿದ್ದು ಅಂತ ಏನ್ ಗ್ಯಾರಂಟಿ ಸಾರ್" ಅಂದ್ರು. ಹೌದು ಏನ್ ಗ್ಯಾರಂಟಿ?

ಆಮೇಲಿಂದ ನಾನು ಹಿಂಗ್ ಮಾಡ್ತೀನಿ, ನೀವೂ ಮಾಡಿ. ವ್ಯಾಪಾರ ಜೋರಾಗಿರೋ ಬಂಕಿಗೇ ಹೋಗಿ, ಹಾಸನ ಬಿಎಂ ರೋಡ್ ಥರ ದಿನಪೂರ್ತಿ ಗಾಡಿ ಓಡಾಡೋ ರಸ್ತೆಯದ್ದು ಆದ್ರೆ ಅಲ್ಲಿ ಪೆಟ್ರೋಲ್ ಹಳತಾಗೋಕೆ ಟೈಮೇ ಇರಲ್ಲ, ನೆಲದಡಿ ಟ್ಯಾಂಕ್ ಬೇಗ ಬೇಗ ಖಾಲಿ ಆಗಿ ತುಂಬತ್ತೆ. 95 ಹಾಕ್ಸೋದಾದ್ರೂ ಇದೇ ಮಾತು, ಸಣ್ಣ ಊರಿನ ಬಂಕಲ್ಲಿ ಪ್ರೀಮಿಯಂ ದಿನಕ್ಕೆ ನಾಲ್ಕು ಜನ ಹಾಕ್ಸ್ತಾರೆ, ಅದು ಎಷ್ಟು ದಿನದಿಂದ ಕೂತಿದ್ಯೋ, ಹಳೇ 95ಕ್ಕಿಂತ ಹೊಸಾ ಸಾದಾನೇ ವಾಸಿ. ಜೋರು ಮಳೇಲಿ ಫಿಲ್ಲಿಂಗ್ ಜಾಗದ ಸುತ್ತ ನೀರು ನಿಂತಿರೋ ಬಂಕ್ ಕಂಡ್ರೆ ಮುಂದಿನದ್ದಕ್ಕೆ ಹೋಗಿ. ಮಷಿನ್ನಲ್ಲಿ ಸೊನ್ನೆ ನೋಡಿ, ಅದಂತೂ ಎಲ್ರಿಗೂ ಗೊತ್ತು. ಬಿಲ್ ತಗೊಳ್ಳಿ, ಇಲ್ಲ ಯುಪಿಐನಲ್ಲಿ ಕೊಡಿ, ಟೈಮ್ ಸಮೇತ ದಾಖಲೆ ಇರತ್ತೆ.

ಅನುಮಾನ ಬಂದ್ರೆ ಕೇಳೋ ಹಕ್ಕು ನಿಮಗಿದೆ, ನಾಚ್ಕೋಬೇಡಿ. ಫಿಲ್ಟರ್ ಪೇಪರ್ ಕೇಳಿ. ನಾಝಲ್‌ನ ತುದಿ ಒರೆಸಿ ಒಂದು ಹನಿ ಪೇಪರ್ ಮೇಲೆ ಬಿಡಿಸಿ, ಎರಡು ನಿಮಿಷದಲ್ಲಿ ಆರಿ ಹೋಗಿ ಕಲೆ ಉಳೀಬಾರದು, ಎಣ್ಣೆ ಬಿದ್ದಂಗೆ ಕಪ್ಪು ಕಲೆ ಉಳಿದ್ರೆ ಸೀಮೆಎಣ್ಣೆಯೋ ಮತ್ತೊಂದೋ ಬೆರೆತಿದೆ. ಸೀಮೆಎಣ್ಣೆ ಆಕ್ಟೇನ್ ಬಹಳ ಕಮ್ಮಿ, ಹಾಗಾಗಿ ಕಲಬೆರಕೆ ಪೆಟ್ರೋಲ್‌ನಲ್ಲಿ ಮೊದ್ಲು ಕೇಳ್ಸೋದೇ ನಾಕಿಂಗ್. ಡೆನ್ಸಿಟಿನೂ ಕೇಳಬಹುದು, ಆ ದಿನದ ಸಾಂದ್ರತೆ ಬಂಕಲ್ಲಿ ಬರೆದಿರ್ಬೇಕು, ಪೆಟ್ರೋಲ್‌ದು 15 ಡಿಗ್ರಿಗೆ ಲೆಕ್ಕ ಹಾಕಿದ್ರೆ ಘನ ಮೀಟರಿಗೆ 720ರಿಂದ 775 ಕೆಜಿ ಒಳಗೆ ಇರ್ಬೇಕು, ಹೈಡ್ರೋಮೀಟರ್ ಜಾರ್ ತಂದು ಅಳೆದು ತೋರಿಸಿದಾಗ ಬರೆದಿದ್ದಕ್ಕೂ ಅಳೆದಿದ್ದಕ್ಕೂ 3ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಅಳತೆ ಮೇಲೆ ಡೌಟ್ ಬಂದ್ರೆ ಕಾನೂನು ಮಾಪನ ಇಲಾಖೆ ಸೀಲ್ ಇರೋ 5 ಲೀಟರಿನ ಕ್ಯಾನ್ ಪ್ರತಿ ಬಂಕಲ್ಲೂ ಇರತ್ತೆ, ಅದಕ್ಕೆ ಹಾಕಿ ತೋರಿಸಿ ಅನ್ನಿ. ನಾನು ಒಂದ್ಸಲ ಕೇಳಿದೆ, ಮ್ಯಾನೇಜರ್ ಮುಖ ಗಂಟಿಕ್ಕಿದ್ರೂ ತಂದು ತೋರಿಸಿದ್ರು, ಸರಿಯಾಗೇ ಇತ್ತು, ನಂಗೇ ಸ್ವಲ್ಪ ಮುಜುಗರ ಆಯ್ತು.

ನೂರಕ್ಕೆ ಬದ್ಲು ನೂರಹತ್ತಕ್ಕೆ ಹಾಕ್ಸಿದ್ರೆ ಮೋಸ ಆಗಲ್ಲ ಅನ್ನೋದು, ಬೆಳಿಗ್ಗೆ ಥಂಡಿಲಿ ಹಾಕ್ಸಿದ್ರೆ ಜಾಸ್ತಿ ಬರತ್ತೆ ಅನ್ನೋದು, ಎರಡನ್ನೂ ಬಿಟ್ಟಾಕಿ. ಮಷಿನ್ ಅಳೆಯೋದು ಲೀಟರ್, ರೂಪಾಯಿ ಅಲ್ಲ. ಟ್ಯಾಂಕ್ ಇರೋದು ನೆಲದಡಿ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬಿಸಿ ಹೆಚ್ಚೇನೂ ಬದಲಾಗಲ್ಲ.

ನೀವೇ ಅಳೆದು ನೋಡಿ

95 ಹಾಕ್ಸಿದ್ರೆ ಮೈಲೇಜ್ ಬರತ್ತೆ ಅಂತ ಪಕ್ಕದ್ಮನೆಯವ್ರು ಹೇಳಿದ್ರೆ ಹೂಂ ಅನ್ನಿ, ಆಮೇಲೆ ನೀವೇ ಪರೀಕ್ಷೆ ಮಾಡಿ. ಒಂದೇ ಬಂಕು, ಸಾಧ್ಯ ಆದ್ರೆ ಒಂದೇ ಮಷಿನ್ನು. ಬೈಕಾದ್ರೆ ಸೆಂಟರ್ ಸ್ಟ್ಯಾಂಡ್ ಹಾಕಿ ಆಟೋ ಕಟ್ ಆಗೋ ತನಕ ಫುಲ್ ಮಾಡಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಓಡಿಸಿ, ಮತ್ತೆ ಹಂಗೇ ಫುಲ್ ಮಾಡಿ ಎಷ್ಟು ಲೀಟರ್ ಹಿಡೀತು ಅಂತ ಬರ್ಕೊಳ್ಳಿ. ಸಾದಾ ಮೂರು ಟ್ಯಾಂಕು, 95 ಮೂರು ಟ್ಯಾಂಕು. ಒಂದೇ ಟ್ಯಾಂಕಲ್ಲಿ ತೀರ್ಮಾನ ಮಾಡ್ಬೇಡಿ, ಒಂದು ವಾರ ಕಡೂರು ಅರಸೀಕೆರೆ ಬಯಲಲ್ಲಿ ಓಡಿಸಿ ಇನ್ನೊಂದು ವಾರ ಸಕಲೇಶಪುರದ ಏರಿಳಿತದಲ್ಲಿ ಓಡಿಸಿದ್ರೆ ಪೆಟ್ರೋಲ್ ಯಾವುದಾದ್ರೂ ಮೈಲೇಜ್ ಬೇರೆ ಬಂದೇ ಬರತ್ತೆ.

ಆಮೇಲೆ ಲೆಕ್ಕ. ಸುಲಭಕ್ಕೆ ಸಾದಾ ಲೀಟರಿಗೆ 100, ಪ್ರೀಮಿಯಂ 108 ಅಂತ ಇಟ್ಕೊಳ್ಳಿ. ಸಾದಾದಲ್ಲಿ ಬೈಕು 50 ಕೊಡ್ತಿದ್ರೆ ಕಿಲೋಮೀಟರಿಗೆ ಎರಡು ರೂಪಾಯಿ. ಪ್ರೀಮಿಯಂನಲ್ಲಿ ಅದೇ ಎರಡು ರೂಪಾಯಿ ಬರ್ಬೇಕು ಅಂದ್ರೆ 54 ಕೊಡ್ಬೇಕು. ನನ್ನ ಬೈಕಲ್ಲಿ ಯಾವತ್ತೂ ಅರ್ಧ ಕಿಲೋಮೀಟರ್ ಕೂಡ ಜಾಸ್ತಿ ಬಂದಿಲ್ಲ. ಟೈರಿಗೆ ಗಾಳಿ ಸರಿಯಾಗಿ ಹಿಡಿಸಿದಾಗ ಬಂತು, ಅದೂ ಬಂಕಲ್ಲಿ ಫ್ರೀ.

ತೋಟದ ಮಷಿನ್‌ಗಳಿಗೆ ಬೇರೆ ಲೆಕ್ಕ

ಬೈಕು ಕಾರಿಗೆ ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳೋರು ವೀಡ್ ಕಟ್ಟರ್‌ಗೆ ಮಾತ್ರ ಯಾವುದೋ ಡಬ್ಬಿಯಲ್ಲಿ ಹೋದ ವರ್ಷದಿಂದ ಉಳಿದಿದ್ದ ಪೆಟ್ರೋಲ್ ಸುರೀತಾರೆ, ನಾನೂ ಸುರಿದಿದೀನಿ. ಜೂನ್ ಮೊದಲ್ನೇ ಸುತ್ತು ಕಳೆ ಹೊಡ್ಸಿ ಮಷಿನ್ನನ್ನ ಹಂಗೇ ಶೆಡ್‌ನಲ್ಲಿ ತೂಗು ಹಾಕಿದ್ದೆ, ಟ್ಯಾಂಕಲ್ಲಿ ಪೆಟ್ರೋಲ್-ಆಯಿಲ್ ಮಿಕ್ಸು ಅರ್ಧ ಉಳಿದಿತ್ತು. ಸೆಪ್ಟೆಂಬರಲ್ಲಿ ತೆಗೆದ್ರೆ ಹಗ್ಗ ಎಳೆದು ಎಳೆದು ತೋಳು ಬಿದ್ದುಹೋಯ್ತು, ಸ್ಟಾರ್ಟ್ ಇಲ್ಲ. ಬಿಚ್ಚಿದ್ರೆ ಕಾರ್ಬೊರೇಟರ್ ಒಳಗಿನ ತೆಳು ಡಯಾಫ್ರಂ ಹಪ್ಪಳದಂಗೆ ಗಟ್ಟಿಯಾಗಿತ್ತು, ಜೆಟ್ ಸುತ್ತ ಹಳದಿ ಅಂಟು. ಪೆಟ್ರೋಲ್ ಪೈಪು ಮುಟ್ಟಿದ್ರೆ ಪುಡಿ. ಕೂಲಿಗೆ ಬಂದಿದ್ದ ನಾಲ್ಕು ಜನ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಂಡು ನನ್ನನ್ನೇ ನೋಡ್ತಿದ್ರು, ಆ ದಿನದ ಸಂಬಳ ದಂಡ.

ಈ ಮಷಿನ್‌ಗಳಿಗೂ ಸಾದಾ ಆಕ್ಟೇನೇ ಸಾಕು, ಬೇಕಾಗಿರೋದು ತಾಜಾ ಪೆಟ್ರೋಲು. ಹಳೇ ಮಷಿನ್‌ಗಳ ಮ್ಯಾನ್ಯುಯಲ್‌ನಲ್ಲಿ ಎಥನಾಲ್ 10 ಪರ್ಸೆಂಟ್ ಮೀರಬಾರದು ಅಂತ ಇರತ್ತೆ, ಆದ್ರೆ ಸಿಗೋದು 20ರದ್ದೇ, ಹಾಗಾಗಿ ಟ್ಯಾಂಕಲ್ಲಿ ಕೂರೋಕೆ ಬಿಡದೇ ಇರೋದೊಂದೇ ದಾರಿ. ಒಂದು ವಾರಕ್ಕೆ ಆಗೋಷ್ಟು ಮಾತ್ರ ತಂದು ಮಿಕ್ಸ್ ಮಾಡಿ. 1:50 ಅಂದ್ರೆ ಲೀಟರಿಗೆ 20 ಮಿಲಿ ಟೂ ಟಿ ಆಯಿಲ್, 1:40 ಅಂದ್ರೆ 25 ಮಿಲಿ, 1:25 ಅಂದ್ರೆ 40 ಮಿಲಿ, ಯಾವುದು ಅಂತ ಮಷಿನ್ ಮೇಲೇ ಬರೆದಿರತ್ತೆ. ಮುಚ್ಚಳದ ಅಳತೆ ನಂಬಬೇಡಿ, ಮೆಡಿಕಲ್ ಶಾಪಲ್ಲಿ ಒಂದು ಸಿರಿಂಜ್ ತಗೊಳ್ಳಿ. ಕೆಲ್ಸ ಮುಗಿದ ದಿನ ಉಳಿದಿದ್ದನ್ನ ಡಬ್ಬಿಗೆ ಸುರಿದು, ಮಷಿನ್ನನ್ನ ಸ್ಟಾರ್ಟ್ ಮಾಡಿ ತಾನಾಗೇ ನಿಲ್ಲೋ ತನಕ ಬಿಡಿ, ಕಾರ್ಬೊರೇಟರ್ ಒಣಗತ್ತೆ. ಆಮೇಲೆ ತೂಗು ಹಾಕಿ. ಪೆಟ್ರೋಲ್ ಪಂಪ್‌ಸೆಟ್ಟು, ಔಷಧಿ ಹೊಡೆಯೋ ಮಷಿನ್ನು ಎಲ್ಲದಕ್ಕೂ ಇದೇ.

ಡಬ್ಬಿಯ ವಿಷಯ ಬಂತು ಅಂತ ಹೇಳ್ತೀನಿ, ನೀರಿನ ಬಾಟ್ಲಿಲಿ ಪೆಟ್ರೋಲ್ ತರಬೇಡಿ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಕೋಬಹುದು, ಆದ್ರೆ ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ, ಒಂದೊಂದು ಡಬ್ಬಿ 25 ಲೀಟರ್ ಮೀರಬಾರದು. ಗೊಬ್ಬರದ ಮೂಟೆ ಪಕ್ಕ ಇಡ್ಬೇಡಿ, ಸ್ನಾನದ ಒಲೆ ಇರೋ ಹಂಡೆ ಮನೆ ಕಡೆಗಂತೂ ಬೇಡ.

ಮಳೆಗಾಲದಲ್ಲಿ ಬೈಕೋ ಕಾರೋ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಮಷಿನ್ನಿಗೆ ಹೇಳಿದ್ದಕ್ಕೆ ಉಲ್ಟಾ ಮಾಡಿ, ಟ್ಯಾಂಕ್ ಫುಲ್ ಮಾಡಿ ನಿಲ್ಸಿ, ಒಳಗೆ ಖಾಲಿ ಜಾಗ ಕಮ್ಮಿ ಇದ್ದಷ್ಟೂ ಥಂಡಿ ಗಾಳಿಯ ತೇವ ಕೂರೋದೂ ಕಮ್ಮಿ. ವಾರಕ್ಕೊಮ್ಮೆ ಒಂದು ಸುತ್ತು ಹೋಗಿ ಬನ್ನಿ, ಬೇಲೂರಿನ ತನಕ ಹೋಗಿ ಕಾಫಿ ಕುಡ್ಕೊಂಡು ಬಂದ್ರೂ ಸಾಕು.

ಆ ಎಕ್ಸೆಲ್ ಯಜಮಾನ್ರಿಗೆ ಅವತ್ತು ಕ್ಯೂನಲ್ಲಿ ನಿಂತೇ ಇಷ್ಟನ್ನೂ ಹೇಳೋಕಾಗ್ಲಿಲ್ಲ, "ಏರ್ ಫಿಲ್ಟರ್ ಕ್ಲೀನ್ ಮಾಡ್ಸಿ ಎಷ್ಟು ದಿನ ಆಯ್ತು?" ಅಂತ ಮಾತ್ರ ಕೇಳಿದೆ. "ಅದಕ್ಕೂ ಫಿಲ್ಟರ್ ಇದ್ಯಾ?" ಅಂದ್ರು.